ಹಸಿರು ಶಲ್ಕ ಕೀಟದ ಗುರುತು ಅದರ ಹಿಂತುದಿಯಲ್ಲಿದೆ

ಪ್ರಶ್ನೆ: ನಮ್ಮ ಎರಡು ವರ್ಷದ ಅರೇಬಿಕಾ ಗಿಡಗಳಲ್ಲಿ ಎಲೆಯ ಹಿಂಬದಿ, ನಡುನರದ ಉದ್ದಕ್ಕೂ ಹಸಿರು ಹುರುಪೆಯಂಥವು ಸಾಲಾಗಿ ಅಂಟಿಕೊಂಡಿವೆ. ಉಗುರಿನಲ್ಲಿ ಕೆರೆದರೆ ಏಳುತ್ತವೆ, ಓಡುವುದಿಲ್ಲ. ಕೆಳಗಿನ ಎಲೆಗಳ ಮೇಲ್ಮೈ ಕಪ್ಪಾಗಿದೆ. ಒಬ್ಬರು ಕೊಳೆರೋಗ ಎನ್ನುತ್ತಾರೆ, ಇನ್ನೊಬ್ಬರು ಹಿಟ್ಟು ತಿಗಣೆಯ ಮರಿ ಎನ್ನುತ್ತಾರೆ. ಯಾವುದು ಸರಿ?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಎರಡೂ ಅಲ್ಲ. ನೀವು ಬರೆದ ಲಕ್ಷಣಗಳು ಹಸಿರು ಶಲ್ಕ ಕೀಟಕ್ಕೆ, ಅಂದರೆ ಕಾಕಸ್ ವಿರಿಡಿಸ್‌ಗೆ ಹೊಂದುತ್ತವೆ. ಕಪ್ಪು ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಕಪ್ಪು ಬಟ್ಟೆಗೆ ಬಂದು ಕೆಳಗೆ ಹಸಿರು ಕಂಡರೆ ಅದು ಮಸಿ ಬೂಷ್ಟು. ಕೊಳೆರೋಗದಲ್ಲಿ ಎಲೆಯೇ ಕೊಳೆತಿರುತ್ತದೆ, ಕೊಳೆತ ಎಲೆ ಶಿಲೀಂಧ್ರದ ಎಳೆಗೆ ಸಿಕ್ಕಿ ರೆಂಬೆಯಲ್ಲೇ ಜೋತಾಡುತ್ತದೆ.

ಇನ್ನು ಕೀಟವನ್ನು ಹತ್ತು ಪಟ್ಟಿನ ಕೈ ಲೆನ್ಸ್‌ನಲ್ಲಿ ನೋಡಿ. ಬಲಿತ ಹೆಣ್ಣು ಸುಮಾರು 3 ಮಿ.ಮೀ. ಉದ್ದ, ಮೊಟ್ಟೆಯಾಕಾರ, ಚಪ್ಪಟೆ, ತಿಳಿ ಹಸಿರು. ಬೆನ್ನಿನಲ್ಲಿ ಕಪ್ಪು ಚುಕ್ಕಿಗಳ ಸಾಲೊಂದು ಕುದುರೆ ಲಾಳದಂತೆ ಬಾಗಿರುತ್ತದೆ. ಅದು ಚರ್ಮದ ಬಣ್ಣವಲ್ಲ, ತೆಳು ಬೆನ್ನಿನ ಮೂಲಕ ಕಾಣುವ ಕರುಳಿನ ಗುರುತು. ಕೀಟ ಸತ್ತ ಮೇಲೆ ಮೈ ತಿಳಿ ಕಂದಾಗಿ ಈ ಚುಕ್ಕಿಗಳು ಮಾಯವಾಗುತ್ತವೆ. ಔಷಧ ಹೊಡೆದ ಮೇಲೆ ಕೆಲಸ ಆಯಿತೇ ಎಂದು ತಿಳಿಯಲು ಎಲೆಯಲ್ಲಿ ಎಷ್ಟು ಹುರುಪೆ ಉಳಿದಿವೆ ಎಂದು ಎಣಿಸುವುದು ವ್ಯರ್ಥ. ಸತ್ತವೂ ಬಹಳ ದಿನ ಅಂಟಿಕೊಂಡೇ ಇರುತ್ತವೆ. ಲಾಳದ ಗುರುತು ಉಳಿದಿದೆಯೇ ನೋಡಿ, ಇಲ್ಲವೇ ಗುಂಡುಸೂಜಿಯಿಂದ ಚುಚ್ಚಿ: ಬದುಕಿದ್ದರೆ ರಸ ಒಸರುತ್ತದೆ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಕೀಟದ ಹಿಂತುದಿಯಲ್ಲಿ. ಅಲ್ಲಿ ದೇಹದ ಅಂಚು ಸೀಳಿರುತ್ತದೆ, ಸೀಳಿನ ಬುಡದಲ್ಲಿ ಎರಡು ತ್ರಿಕೋನದ ಫಲಕಗಳು ಜೋಡಿ ಬಾಗಿಲಿನಂತೆ ಮುಚ್ಚಿಕೊಂಡಿರುತ್ತವೆ. ಗುದದ್ವಾರವನ್ನು ಮುಚ್ಚುವ ಈ ಜೋಡಿ ಫಲಕ ಕಂಡರೆ ಅದು ಕಾಕ್ಸಿಡೆ ಕುಟುಂಬ, ಅಂದರೆ ಮೆದು ಶಲ್ಕ ಕೀಟ. ಹಿಟ್ಟು ತಿಗಣೆಗೆ (ಸೂಡೊಕಾಕ್ಸಿಡೆ) ಈ ಫಲಕಗಳಿಲ್ಲ. ಮೈ ಗೆರೆಗೆರೆಯಾಗಿ ಭಾಗವಾಗಿ, ಬಿಳಿ ಮೇಣದ ಪುಡಿ ಹೊದ್ದಿರುತ್ತದೆ. ಮೂರನೆಯ ಗುಂಪು ಗಟ್ಟಿ ಕವಚದ್ದು (ಡಯಾಸ್ಪಿಡಿಡೆ): ಹೊದಿಕೆಯನ್ನು ಸೂಜಿಯಿಂದ ಎತ್ತಿದರೆ ಮುಚ್ಚಳ ಬೇರೆ, ಕಾಲಿಲ್ಲದ ಕೀಟ ಬೇರೆಯಾಗುತ್ತದೆ. ನಿಮ್ಮದರಲ್ಲಿ ಹಾಗೆ ಬೇರ್ಪಡುವುದಿಲ್ಲ, ಬೆನ್ನೇ ಹೊದಿಕೆ.

ಎಲೆ ಕಪ್ಪಾಗುವುದಕ್ಕೂ ಇದೇ ಬಾಗಿಲು ಕಾರಣ. ಕೀಟ ಕೂದಲಿಗಿಂತ ತೆಳುವಾದ ಸೂಜಿಬಾಯಿಯನ್ನು ಎಲೆಯ ಆಹಾರನಾಳಕ್ಕೆ ಇಳಿಸುತ್ತದೆ. ಆ ರಸದಲ್ಲಿ ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ. ಬೇಕಾದಷ್ಟು ಸಾರಜನಕ ಸಿಗಬೇಕಾದರೆ ವಿಪರೀತ ಹೀರಬೇಕು, ಮಿಕ್ಕ ಸಕ್ಕರೆಯನ್ನು ಹೊರಹಾಕಬೇಕು. ಫಲಕಗಳು ತೆರೆದು ಆ ಅಂಟುರಸ ಕೆಳಗಿನ ಎಲೆಗೆ ಬೀಳುತ್ತದೆ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಚಗಳಿಯೂ ಇತರ ಇರುವೆಗಳೂ ಬರುವುದು ಅದೇ ರಸಕ್ಕೆ. ಇರುವೆ ಕಾವಲಿದ್ದರೆ ಶಲ್ಕ ಕೀಟದೊಳಗೆ ಮೊಟ್ಟೆ ಇಡುವ ಸಣ್ಣ ಕಣಜಗಳು ಹತ್ತಿರ ಸುಳಿಯಲಾಗುವುದಿಲ್ಲ. ಹಾಗಾಗಿ ಮೊದಲು ನೆರಳುಮರದಿಂದ ಗಿಡಕ್ಕೆ ತಾಗುವ ರೆಂಬೆಗಳನ್ನು ಸವರಿ ಇರುವೆಯ ದಾರಿ ಕಡಿಯಿರಿ. ಕೀಟ ತುಂಬಿದ ಕಂಬಚಿಗುರನ್ನು (ಕಾಂಡದಿಂದ ನೆಟ್ಟಗೆ ಏಳುವ ಚಿಗುರು) ಕಿತ್ತು ನಾಶಮಾಡಿ.

ಗಂಡು ಇಲ್ಲಿ ಬಹಳ ಅಪರೂಪ. ಹೆಣ್ಣೇ ಗಂಡಿನ ನೆರವಿಲ್ಲದೆ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ತಾಯಿಯ ಹೊಟ್ಟೆಯಡಿಯಲ್ಲಿ ಕೆಲವೇ ಗಂಟೆಗಳಲ್ಲಿ ಒಡೆಯುತ್ತವೆ. ದಾರಿ ಹುಡುಕಿ ತೆವಳುವುದು ಮುಖ್ಯವಾಗಿ ಮೊದಲ ಹಂತದ ಮರಿ, ಸಿಂಪಡಣೆಗೆ ಸುಲಭವಾಗಿ ಸಾಯುವುದೂ ಅದೇ. ಒಂದೇ ಎಲೆಯಲ್ಲಿ ಎಲ್ಲ ಹಂತಗಳೂ ಇರುವುದರಿಂದ ಒಂದು ಸುತ್ತು ಸಾಲದು. ಎಳೆ ಗಿಡಕ್ಕೆ ಲೀಟರ್ ನೀರಿಗೆ 5ರಿಂದ 10 ಗ್ರಾಂ ಬೇವಿನ ಸಾಬೂನು ಬೆರೆಸಿ, ಮೊದಲು ನಾಲ್ಕಾರು ಗಿಡಗಳಲ್ಲಿ ಪರೀಕ್ಷಿಸಿ, ಎರಡು ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಿ. ನಳಿಕೆ ಮೇಲ್ಮುಖವಾಗಿರಲಿ. ಎಲೆಯ ಹಿಂಬದಿ ನೆನೆಯದಿದ್ದರೆ ಹೊಡೆದೂ ಹೊಡೆಯದಂತೆ.

ಮಳೆಗಾಲದಲ್ಲಿ ಕೀಟದ ಸುತ್ತ ಬಿಳಿ ಹತ್ತಿಯಂಥ ಉಂಗುರ ಕಂಡರೆ ಹಿಟ್ಟು ತಿಗಣೆ ಬಂತೆಂದು ಗಾಬರಿಯಾಗಬೇಡಿ. ಅದು ಶಲ್ಕ ಕೀಟವನ್ನೇ ಕೊಲ್ಲುವ ಲೆಕ್ಯಾನಿಸಿಲಿಯಂ ಶಿಲೀಂಧ್ರ. ದಯವಿಟ್ಟು ಆ ಎಲೆಗಳನ್ನು ಕೀಳಬೇಡಿ. ತುಕ್ಕುರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ, ಸುಣ್ಣದ ಮಿಶ್ರಣ) ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ. ಬೋರ್ಡೋ ಬಿಡುವಂತಿಲ್ಲ, ಆದರೆ ಬೇಕಾದ ಸುತ್ತಿಗಿಂತ ಹೆಚ್ಚು ಹೊಡೆಯುವುದೂ ಬೇಡ.

ಪ್ರಶ್ನೆ: ಸಕಲೇಶಪುರದ ತೋಟದಿಂದ ಹಸಿರು ಮತ್ತು ಕಂದು ಶಲ್ಕ ಕೀಟಗಳನ್ನು ತಂದು ಸ್ಲೈಡ್ ಮಾಡಿದೆ. ಕೆಲವು ಕರಗಿ ಹೋದವು, ಉಳಿದವು ಬರೀ ಕಪ್ಪು ಮುದ್ದೆ. ಎಲ್ಲಿ ತಪ್ಪಿದೆ? ಎರಡೂ ಒಂದೇ ಕುಲಕ್ಕೆ ಸೇರುತ್ತವೆಯೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಒಂದೇ ಕುಟುಂಬ, ಬೇರೆ ಕುಲ. ಎರಡೂ ಹೆಮಿಪ್ಟೆರಾ ಗಣ, ಸ್ಟರ್ನೋರಿಂಕಾ ಉಪಗಣ, ಕಾಕ್ಸಾಯ್ಡಿಯಾ ಮೇಲ್ಕುಟುಂಬ, ಕಾಕ್ಸಿಡೆ ಕುಟುಂಬ. ಹಸಿರನ್ನು 1889ರಲ್ಲಿ ಎಡ್ವರ್ಡ್ ಅರ್ನೆಸ್ಟ್ ಗ್ರೀನ್ ಶ್ರೀಲಂಕಾದಿಂದ ಲೆಕೇನಿಯಂ ವಿರಿಡೆ ಎಂದು ವರ್ಣಿಸಿದರು; ಈಗ ಅದು ಲಿನೇಯಸ್ 1758ರಲ್ಲಿ ಹೆಸರಿಟ್ಟ ಕಾಕಸ್ ಕುಲದಲ್ಲಿದೆ. ಕಂದು ಕೀಟದ ಬೆನ್ನು ಅರ್ಧ ಗೋಲದಂತೆ ಉಬ್ಬಿದ್ದು, ಎಳೆಯದರಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರದಂಥ ಏಣು ಕಂಡರೆ ಅದು ಸ್ಯಾಸೆಟಿಯಾ ಕಾಫಿಯೆ, ವಾಕರ್ 1852ರಲ್ಲಿ ವರ್ಣಿಸಿದ್ದು. ಬಣ್ಣ, ಉಬ್ಬು ಆಶ್ರಯ ಗಿಡಕ್ಕೂ ವಯಸ್ಸಿಗೂ ತಕ್ಕಂತೆ ಬದಲಾಗುವುದರಿಂದಲೇ ಸ್ಲೈಡ್ ಬೇಕು.

ಮುದ್ದೆಯಾಗಲು ಮೊದಲ ಕಾರಣ ಮಾದರಿಯ ಆಯ್ಕೆ. ಮೊಟ್ಟೆ ತುಂಬಿದ ಹೆಣ್ಣು ಬೇಡ, ಆಗತಾನೇ ಬಲಿತ ಚಪ್ಪಟೆ ಹೆಣ್ಣು ಬೇಕು. ಅದನ್ನು 75% ಆಲ್ಕೋಹಾಲ್‌ನಲ್ಲಿಡಿ. ಆಮೇಲೆ ದೇಹದ ಅಂಚಿನಲ್ಲಿ, ಹಿಂತುದಿಯ ಫಲಕಗಳಿಂದ ದೂರದಲ್ಲಿ, ಸೂಕ್ಷ್ಮ ಸೂಜಿಯಿಂದ ಸಣ್ಣ ಸೀಳು ಮಾಡಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ ಹಾಕಿ. ಹಬೆಯಾಡುವಷ್ಟು ಬಿಸಿ ಸಾಕು. ಕುದಿಸಿದ್ದರಿಂದಲೇ ನಿಮ್ಮವು ಕರಗಿರಬೇಕು. ಅವಸರವಿಲ್ಲದಿದ್ದರೆ ಬಿಸಿಯೇ ಬೇಡ, ಕೋಣೆಯ ತಾಪದಲ್ಲಿ ಒಂದು ದಿನ ಬಿಡಿ. ಮೈ ಪಾರದರ್ಶಕವಾದಾಗ ಚಪ್ಪಟೆ ಸೂಜಿಯಿಂದ ಮೆಲ್ಲಗೆ ಒತ್ತಿ ಒಳಗಿನದ್ದನ್ನು ಸೀಳಿನಿಂದ ಹೊರಡಿಸಿ. ಈ ಹೆಜ್ಜೆ ಬಿಟ್ಟರೆ ಕಪ್ಪು ಮುದ್ದೆಯೇ ಗತಿ.

ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ತೊಳೆದು ಆಸಿಡ್ ಫುಕ್ಸಿನ್‌ನಲ್ಲಿ ಬಣ್ಣ ಹಿಡಿಸಿ. ಕ್ಷಾರ ಉಳಿದರೆ ಬಣ್ಣ ಹಿಡಿಯದು. ಆಗ ಒಂದು ಹನಿ ಅಸಿಟಿಕ್ ಆಮ್ಲ ನೆರವಾಗುತ್ತದೆ. ಮುಂದೆ 75, 95, ಕೊನೆಗೆ ಶುದ್ಧ ಆಲ್ಕೋಹಾಲ್, ಆಮೇಲೆ ಲವಂಗದೆಣ್ಣೆ, ಕಡೆಗೆ ಮಾದರಿಯನ್ನು ಗಾಜಿಗೆ ಅಂಟಿಸುವ ಪಾರದರ್ಶಕ ಅಂಟು, ಕೆನಡಾ ಬಾಲ್ಸಂ. ಬಾಲ್ಸಂ ಹಾಲಿನಂತೆ ಬೆಳ್ಳಗಾದರೆ ನೀರು ಪೂರ್ತಿ ಹೋಗಿಲ್ಲ ಎಂದರ್ಥ. ಮಾದರಿಯನ್ನು ಶುದ್ಧ ಆಲ್ಕೋಹಾಲ್‌ಗೆ ಮರಳಿ ಹಾಕಿ.

ಸೂಕ್ಷ್ಮದರ್ಶಕದಲ್ಲಿ ಮೊದಲು ಗುದಫಲಕಗಳು, ಆಮೇಲೆ ಮೀಸೆ (ಹಸಿರು ಕೀಟದಲ್ಲಿ ಸಾಮಾನ್ಯವಾಗಿ 7 ಗೆಣ್ಣು), ಒಂದೇ ಉಗುರಿನ ಸಣ್ಣ ಕಾಲುಗಳು, ಎದೆಯ ಕೆಳಭಾಗದ ಎರಡು ಜೊತೆ ಉಸಿರುರಂಧ್ರಗಳನ್ನು ನೋಡಿ. ಪ್ರತಿ ಉಸಿರುರಂಧ್ರದ ನೇರಕ್ಕೆ ಅಂಚಿನಲ್ಲಿ ಮೂರು ಮುಳ್ಳುಗಳಿರುತ್ತವೆ, ಹಸಿರು ಕೀಟದಲ್ಲಿ ನಡುವಿನದು ಉದ್ದ. ಇವುಗಳ ಮೇಲೆ ಮಾತ್ರ ನಿಂತು ಪ್ರಭೇದ ಹೇಳಬೇಡಿ. ಹೊಟ್ಟೆಯಡಿಯ ಗ್ರಂಥಿರಂಧ್ರಗಳ ಹಂಚಿಕೆಯನ್ನೂ ಚಿತ್ರಿಸಿಕೊಂಡು, ಗುರುತಿಸಿಟ್ಟ ಮಾದರಿಯೊಂದಿಗೆ ಹೋಲಿಸಿ. ಸ್ಲೈಡನ್ನು ಸುಮಾರು 40 ಡಿಗ್ರಿಯಲ್ಲಿ ಕೆಲವು ವಾರ ಮಲಗಿಸಿಯೇ ಒಣಗಿಸಿ. ಆಶ್ರಯ ಗಿಡ, ಊರು, ದಿನಾಂಕವನ್ನು ಅದೇ ದಿನ ಚೀಟಿಯಲ್ಲಿ ಬರೆದು ಅಂಟಿಸಿ.