ಸೀನಾ ಟ್ಯಾಪ್ ಮಾಡಿದ್ದರಲ್ಲಿ ಅವಮಾನವಿಲ್ಲ

ಓದುಗರ ಪತ್ರ: 2025ರ ಡಿಸೆಂಬರ್ 13ರಂದು ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನಿಯ ತಾರೆ ಜಾನ್ ಸೀನಾ ತಮ್ಮ ಕೊನೆಯ ಪಂದ್ಯದಲ್ಲಿ ಗುಂಥರ್ ಎದುರು ಟ್ಯಾಪ್ ಮಾಡಿ, ಅಂದರೆ ಕೈ ತಟ್ಟಿ ಶರಣಾಗಿ, ಸೋತರು. ನೋಡಿ ತುಂಬಾ ಬೇಜಾರಾಯಿತು. ಇಷ್ಟು ವರ್ಷ ‘ನೆವರ್ ಗಿವ್ ಅಪ್’ ಎಂದು ಅಂಗಿಯ ಮೇಲೆ ಬರೆಸಿಕೊಂಡವರನ್ನು ಹೀಗೆ ಕಳಿಸುವುದು ಅವಮಾನ ಅಲ್ವಾ? ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ. ಹಾಗಿದ್ದ ಮೇಲೆ ಗೆಲ್ಲಿಸಿ ಕಳಿಸಲು ಕಂಪನಿಗೆ ಏನು ಕಷ್ಟವಿತ್ತು?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಈ ಸಿಟ್ಟು ನಿಮ್ಮೊಬ್ಬರದಲ್ಲ. ಅವತ್ತು ವಾಷಿಂಗ್ಟನ್‌ನ ಕ್ಯಾಪಿಟಲ್ ಒನ್ ಅರೀನಾದಲ್ಲಿ ಕೂತಿದ್ದವರಿಗೂ ಹೀಗೇ ಅನಿಸಿತು. ಪಂದ್ಯ ಮುಗಿದ ಮೇಲೆ, ಕಂಪನಿಯಲ್ಲಿ ಕಥೆ ನಿರ್ಧರಿಸುವ ಹೊಣೆ ಹೊತ್ತಿದ್ದ ಟ್ರಿಪಲ್ ಎಚ್ ಕಾಣಿಸಿಕೊಂಡಾಗ ಜನ ಅವರ ಮಾತು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಅಷ್ಟು ಜೋರಾಗಿ ಕೂಗಿ ಬೈದರು. ಆದರೂ ಇದು ಅವಮಾನ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಗೆಲ್ಲಿಸಿ ಕಳಿಸುವುದು ಕಷ್ಟವೇನೂ ಆಗಿರಲಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ ಅದೇ. ಆದರೆ ಕುಸ್ತಿಯ ಈ ಲೋಕದಲ್ಲಿ ಹಳೆಯ ರೂಢಿಯೊಂದಿದೆ: ಬಿಟ್ಟು ಹೋಗುವವನು ಸೋತು ಹೋಗಬೇಕು. ಫಲಿತಾಂಶ ಮೊದಲೇ ನಿರ್ಧಾರವಾಗುವುದರಿಂದಲೇ ಈ ರೂಢಿ ಬೇಕಾಗಿದೆ. ಇಲ್ಲಿ ಗೆಲುವಿಗೆ ಬೆಲೆ ಬರುವುದು ಯಾರನ್ನು ಸೋಲಿಸಿದ ಎಂಬುದರಿಂದ ಮಾತ್ರ. ಸೀನಾ ಗೆದ್ದು ಹೋಗಿದ್ದರೆ ಆ ಗೆಲುವು ಅವರ ಜೊತೆಗೇ ಮನೆಗೆ ಹೋಗುತ್ತಿತ್ತು. ಅವರು ಗಳಿಸಿದ ಹೆಸರಿನಲ್ಲಿ ಸ್ವಲ್ಪವಾದರೂ ರಿಂಗ್‌ನಲ್ಲೇ ಉಳಿಯಬೇಕಾದರೆ ಇನ್ನೊಬ್ಬರ ಕೈಗೆ ಕೊಟ್ಟೇ ಹೋಗಬೇಕು.

2008ರಲ್ಲಿ ಡಬ್ಲ್ಯುಡಬ್ಲ್ಯುಇ ರಿಕ್ ಫ್ಲೇರ್ ಅವರನ್ನು ಬೀಳ್ಕೊಟ್ಟಾಗ ಅವರು ಶಾನ್ ಮೈಕಲ್ಸ್ ಎದುರು ಸೋತರು. 2010ರಲ್ಲಿ ಮೈಕಲ್ಸ್ ಅಂಡರ್‌ಟೇಕರ್ ಎದುರು ಸೋತರು. ಇವೆರಡನ್ನೂ ಅಭಿಮಾನಿಗಳು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅವಮಾನ ಎಂದವರು ಕಡಿಮೆ.

ಇದಕ್ಕೆ ನೀವು ಸ್ಟಿಂಗ್ ಹೆಸರು ಹೇಳಬಹುದು. 2024ರ ಮಾರ್ಚ್‌ನಲ್ಲಿ ಗ್ರೀನ್ಸ್‌ಬರೋದಲ್ಲಿ ಅವರು ಡಾರ್ಬಿ ಆಲಿನ್ ಜೊತೆ ಸೇರಿ ಯಂಗ್ ಬಕ್ಸ್ ಜೋಡಿಯನ್ನು ಸೋಲಿಸಿ, ಚಾಂಪಿಯನ್ ಆಗಿಯೇ ನಿವೃತ್ತರಾದರು. ಆ ರಾತ್ರಿ ನನಗೂ ತುಂಬಾ ಇಷ್ಟ. ಆದರೆ ಅದರಿಂದ ಹೊಸಬರು ಯಾರು ಮೇಲೆ ಬಂದರು? ಯೋಚಿಸಿ ನೋಡಿ.

ರೂಢಿ ಪಾಲಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2019ರಲ್ಲಿ ಡಬ್ಲ್ಯುಡಬ್ಲ್ಯುಇಯ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದಲ್ಲಿ ಕರ್ಟ್ ಆ್ಯಂಗಲ್ ತಮ್ಮ ಕೊನೆಯ ಪಂದ್ಯವನ್ನು ಬ್ಯಾರನ್ ಕಾರ್ಬಿನ್ ಎದುರು ಸೋತರು. ಜನ ಕಾರ್ಬಿನ್ ಅವರನ್ನು ಆ ಜಾಗದಲ್ಲಿ ಒಪ್ಪಲೇ ಇಲ್ಲ. ಆ್ಯಂಗಲ್ ಎದುರಿಗೆ ಸೀನಾ ಇರಬೇಕಿತ್ತು ಎಂದು ಕೇಳಿದವರೇ ಜಾಸ್ತಿ. ಕೊಡುವವರು ದೊಡ್ಡವರಾಗಿದ್ದರೆ ಸಾಲದು, ಪಡೆಯುವವರೂ ತಯಾರಾಗಿರಬೇಕು.

ಗುಂಥರ್ ತಯಾರಾಗಿದ್ದರು. 666 ದಿನ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಬಿಟ್ಟುಕೊಡದೆ ದಾಖಲೆ ಮಾಡಿದವರು ಅವರು. ಆಮೇಲೆ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದರು. 2025ರ ಜುಲೈನಲ್ಲಿ ಅಟ್ಲಾಂಟಾದಲ್ಲಿ ಗೋಲ್ಡ್‌ಬರ್ಗ್ ಅವರ ಕೊನೆಯ ಪಂದ್ಯವನ್ನೂ ಸೀನಾರಿಂದ ಟ್ಯಾಪ್ ಮಾಡಿಸಿದ ಇದೇ ಸ್ಲೀಪರ್ ಹೋಲ್ಡ್‌ನಲ್ಲಿ (ಹಿಂದಿನಿಂದ ಕುತ್ತಿಗೆ ಬಿಗಿಯುವ ಪಟ್ಟು) ಮುಗಿಸಿದ್ದರು. ಸೀನಾರ ಎದುರಾಳಿಯನ್ನು ಆರಿಸಲು ನಡೆದ ಟೂರ್ನಿಯ ಫೈನಲ್‌ನಲ್ಲಿ ಎಲ್‌ಎ ನೈಟ್ ಅವರನ್ನು ಸೋಲಿಸಿ ಬಂದಿದ್ದರು. ಸೀನಾರಿಂದ ಟ್ಯಾಪ್ ಮಾಡಿಸುತ್ತೇನೆ ಎಂದು ಮೊದಲೇ ಹೇಳಿಯೂ ಇದ್ದರು.

ನಿಮಗೆ ಜಾಸ್ತಿ ನೋವಾಗಿರುವುದು ಸೋಲಿನಿಂದಲ್ಲ, ಆ ಟ್ಯಾಪ್‌ನಿಂದ ಎಂದು ನಿಮ್ಮ ಪತ್ರ ಓದಿದಾಗ ಅನಿಸಿತು. ಸೋಲಿಸಲೇಬೇಕಿದ್ದರೆ ಪ್ರಜ್ಞೆ ತಪ್ಪಿದಂತೆ ತೋರಿಸಬಹುದಿತ್ತಲ್ಲ ಎಂದು ಅನೇಕರು ಕೇಳುತ್ತಿದ್ದಾರೆ. ಅದಕ್ಕೆ ಒಳ್ಳೆಯ ಉದಾಹರಣೆಯೂ ಇದೆ. 1997ರ ರೆಸಲ್‌ಮೇನಿಯಾ 13ರಲ್ಲಿ ಬ್ರೆಟ್ ಹಾರ್ಟ್ ಹಾಕಿದ ಶಾರ್ಪ್‌ಶೂಟರ್ ಎಂಬ ಕಾಲಿನ ಪಟ್ಟಿನಲ್ಲಿ ಸಿಕ್ಕಿಕೊಂಡ ಸ್ಟೀವ್ ಆಸ್ಟಿನ್, ಮುಖದ ತುಂಬ ರಕ್ತ ಹರಿಯುತ್ತಿದ್ದರೂ ಟ್ಯಾಪ್ ಮಾಡಲಿಲ್ಲ. ಪ್ರಜ್ಞೆ ತಪ್ಪಿದರು. ರೆಫರಿ ಪಂದ್ಯ ನಿಲ್ಲಿಸಿದರು. ಸೋತ ಆಸ್ಟಿನ್ ಅವತ್ತೇ ಹೀರೋ ಆದರು.

ಆದರೆ ಆಸ್ಟಿನ್ ಆಗ ಮೇಲೇರುತ್ತಿದ್ದವರು. ಆ ಸೋಲಿನ ಲಾಭವನ್ನು ಮರುದಿನದಿಂದಲೇ ಬಳಸಲು ಅವರ ಮುಂದೆ ವರ್ಷಗಳಿದ್ದವು. 48ರ ಸೀನಾ ಹೊರಟು ನಿಂತವರು. ಅವರು ಟ್ಯಾಪ್ ಮಾಡದೆ ಪ್ರಜ್ಞೆ ತಪ್ಪಿದ್ದರೆ, ಸೋತ ಮೇಲೂ ಕಥೆ ಅವರದ್ದೇ ಆಗುತ್ತಿತ್ತು. ‘ಕೊನೆಗೂ ಬಿಟ್ಟುಕೊಡಲಿಲ್ಲ’ ಎಂದು ನಾವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದೆವು. ಗುಂಥರ್ ಆ ಚಿತ್ರದ ಮೂಲೆಯಲ್ಲಿ ಉಳಿದುಬಿಡುತ್ತಿದ್ದರು. ಟ್ಯಾಪ್ ಮಾಡಿದ್ದರಿಂದ ಇನ್ನು ಮುಂದೆ ಗುಂಥರ್ ಎಲ್ಲಿ ಹೋದರೂ ‘ಸೀನಾ ಕೈಯಲ್ಲಿ ಟ್ಯಾಪ್ ಮಾಡಿಸಿದವನು ನಾನು’ ಎನ್ನಬಹುದು. ಜನ ಅದಕ್ಕಾಗಿಯೇ ಅವರನ್ನು ದ್ವೇಷಿಸುತ್ತಾರೆ. ಒಬ್ಬ ಹೀಲ್‌ಗೆ, ಅಂದರೆ ಕಥೆಯ ಖಳನಿಗೆ, ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ. ತಮ್ಮ ಹತ್ತಿರ ಇದ್ದದ್ದರಲ್ಲಿ ಅತ್ಯಂತ ಬೆಲೆಯ ವಸ್ತುವನ್ನೇ ಸೀನಾ ಕೊಟ್ಟು ಹೋದರು. ಟ್ಯಾಪ್ ಮಾಡುವ ಮೊದಲು ಅವರ ಮುಖದಲ್ಲಿ ಬಂದ ನಗುವನ್ನು ಇನ್ನೊಮ್ಮೆ ನೋಡಿ. ಕಂಪನಿ ಬಲವಂತ ಮಾಡಿದ ಮನುಷ್ಯನ ನಗು ನನಗೆ ಅಲ್ಲಿ ಕಾಣಲಿಲ್ಲ.

ಅದೇ ಕಾರ್ಯಕ್ರಮದ ಉಳಿದ ಪಂದ್ಯಗಳನ್ನೂ ಗಮನಿಸಬೇಕು. ಕೋಡಿ ರೋಡ್ಸ್ ಎದುರು ಓಬಾ ಫೆಮಿ, ಬೇಲಿ ಎದುರು ಸೋಲ್ ರೂಕಾ. ಎಜೆ ಸ್ಟೈಲ್ಸ್ ಮತ್ತು ಡ್ರ್ಯಾಗನ್ ಲೀ ಎದುರು ಜೆವಾನ್ ಇವಾನ್ಸ್ ಮತ್ತು ಲಿಯಾನ್ ಸ್ಲೇಟರ್. ಹೆಸರಾದವರ ಎದುರು ಹೊಸಬರನ್ನು ನಿಲ್ಲಿಸುವ ರಾತ್ರಿಯಾಗಿತ್ತು ಅದು. ಕೊನೆಯ ಪಂದ್ಯದ ಫಲಿತಾಂಶವೂ ಆ ಯೋಚನೆಗೆ ಸರಿಯಾಗಿ ಹೊಂದುತ್ತದೆ.

ಕಂಪನಿಯ ಮೇಲೆ ಸಿಟ್ಟು ಬರಬೇಕಾದ್ದು ಬೇರೆ ಕಡೆ ಇದೆ. 2025ರ ಮಾರ್ಚ್ 1ರಂದು ಟೊರಾಂಟೋದಲ್ಲಿ ಸೀನಾ ದಿ ರಾಕ್ ಜೊತೆ ಸೇರಿ ಕೋಡಿ ಮೇಲೆ ತಿರುಗಿಬಿದ್ದರು. ಎರಡು ದಶಕ ಹೀರೋ ಆಗಿದ್ದವರು ಹೀಲ್ ಆದರು! ಅಂಥ ಕ್ಷಣ ಮತ್ತೆ ಸಿಗುವುದಿಲ್ಲ. ಆದರೆ ಏಪ್ರಿಲ್‌ನ ರೆಸಲ್‌ಮೇನಿಯಾದಲ್ಲಿ ರಾಕ್ ಬರಲೇ ಇಲ್ಲ. ರ‍್ಯಾಪರ್ ಟ್ರಾವಿಸ್ ಸ್ಕಾಟ್ ಬಂದು ಮಧ್ಯೆ ತಲೆಹಾಕಿದರು. ಸೀನಾರ 17ನೇ ವಿಶ್ವ ಪ್ರಶಸ್ತಿ, ಅಂದರೆ ಫ್ಲೇರ್ ದಾಖಲೆ ಮುರಿದ ಗೆಲುವು, ಅಂಥ ಒಂದು ನೀರಸ ಪಂದ್ಯದಲ್ಲಿ ಬಂತು. ಆಗಸ್ಟ್‌ನ ಸಮ್ಮರ್‌ಸ್ಲ್ಯಾಮ್ ಹತ್ತಿರವಾದಾಗ ಒಂದೇ ಭಾಷಣದಲ್ಲಿ ಸೀನಾ ಮತ್ತೆ ಒಳ್ಳೆಯವರಾಗಿಬಿಟ್ಟರು. ಯಾಕೆ ಕೆಟ್ಟವರಾದರು ಎಂಬುದಕ್ಕೆ ಸರಿಯಾದ ಉತ್ತರವೇ ಸಿಗಲಿಲ್ಲ. ಕೊನೆಯ ವರ್ಷದ ಅಷ್ಟು ತಿಂಗಳು ಸುಮ್ನೆ ಹಾಳಾದವು. ಅಕ್ಟೋಬರ್‌ನಲ್ಲಿ ಪರ್ತ್‌ನಲ್ಲಿ ಎಜೆ ಸ್ಟೈಲ್ಸ್ ಜೊತೆ ಆಡಿದಂಥ ಪಂದ್ಯಗಳನ್ನು ವರ್ಷವಿಡೀ ನೋಡಬಹುದಿತ್ತಲ್ಲ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ಗುಂಥರ್ ವಿಷಯದಲ್ಲಿ ಕಂಪನಿಯ ಪರೀಕ್ಷೆ ಈಗ ಶುರುವಾಗಿದೆ. ಸೀನಾರಿಂದ ಪಡೆದದ್ದನ್ನು ಅವರ ಹತ್ತಿರ ಸಾಕಷ್ಟು ಕಾಲ ಬಿಡಬೇಕು. ಮುಂದೊಂದು ದಿನ ಓಬಾ ಫೆಮಿಯಂಥ ಹೊಸಬರೊಬ್ಬರು ಗುಂಥರ್ ಅವರನ್ನು ಸೋಲಿಸಿದಾಗ ಸೀನಾರ ಹೆಸರಿನ ತೂಕವೂ ಅವರ ಕೈಸೇರಬೇಕು. ಹಾಗಲ್ಲದೆ, ವರ್ಷಕ್ಕೊಮ್ಮೆ ಬಂದು ಹೋಗುವ ಯಾವುದೋ ಹಳೆಯ ತಾರೆಯ ಎದುರು ಕೆಲವೇ ತಿಂಗಳಲ್ಲಿ ಗುಂಥರ್ ಅವರನ್ನು ಬೀಳಿಸಿದರೆ ಮತ್ತೆ ಪತ್ರ ಬರೆಯಿರಿ. ಆಗ ನಿಮ್ಮ ಸಿಟ್ಟಿಗೆ ಈ ಪುಟದಲ್ಲಿ ನನ್ನದೂ ಸೇರಿರುತ್ತದೆ.

- ಸಂಪಾದಕ