ಯುದ್ಧದ ಸುದ್ದಿ ಎದ್ದಾಗ ಕಾರವಾರದಲ್ಲಿ ಸಂಸಾರ ಇಟ್ಟುಕೊಳ್ಳುವುದು ಅಪಾಯವೇ?

ಬ್ಯಾಂಕ್ ಕೆಲಸದಲ್ಲಿ ಕಾರವಾರಕ್ಕೆ ವರ್ಗವಾಗಿದೆ, ಅಲ್ಲಿ ನೌಕಾನೆಲೆ ಇದೆ, ಹತ್ತಿರದಲ್ಲೇ ಕೈಗಾ ಅಣುಸ್ಥಾವರ ಇದೆ, ನಾಳೆ ಯುದ್ಧ ಶುರುವಾದರೆ ಹೆಂಡತಿ ಮಕ್ಕಳ ಗತಿ ಏನು ಎಂದು ಕೇಳಿದ್ದೀರಿ. ನಾನು ಇದೇ ಊರಿನವನು. ಬೈತಖೋಲ ಬಂದರಿನ ಬೋಟುಗಳಿಗೆ ಐಸ್ ಹಾಕುವುದು ನನ್ನ ಕಸುಬು. ಹಾಗಾಗಿ ಬೋಟುಗಳು ನಿಲ್ಲುವ ದಕ್ಕೆಯಲ್ಲಿ ನಿಂತು ಕಂಡಿದ್ದನ್ನೇ ಹೇಳುತ್ತೇನೆ.

ಒಂದು ವಿಷಯ ಗೊತ್ತಿರಲಿ. ನೌಕಾನೆಲೆ ಇಲ್ಲಿಗೆ ಬಂದಿದ್ದೇ ಕಾರವಾರ ಪಾಕಿಸ್ತಾನಕ್ಕೆ ದೂರ ಅಂತ. 1971ರ ಯುದ್ಧದ ನಂತರ ಮುಂಬೈ ಬಂದರು ಇಕ್ಕಟ್ಟಾಯಿತು, ಶತ್ರು ವಿಮಾನಗಳಿಗೂ ಹತ್ತಿರ ಎಂದು ಬೇರೆ ಜಾಗ ಹುಡುಕಿದರು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ನೆಲೆ ಶುರುವಾಯಿತು. ಈಗಿನ ಕ್ಷಿಪಣಿಗಳಿಗೆ ಆ ದೂರ ಏನೂ ಅಲ್ಲ, ಒಪ್ಪುತ್ತೇನೆ. ಇನ್ನು ಕೈಗಾ. ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ ಎರಡೂ ದೇಶಗಳು 1988ರಲ್ಲೇ ಒಪ್ಪಂದ ಮಾಡಿಕೊಂಡಿವೆ. ಪ್ರತಿ ವರ್ಷ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತಾರೆ. ಒಪ್ಪಂದ ಎಂಬುದು ಕಾಗದವೇ, ಆದರೂ ಇಷ್ಟು ವರ್ಷ ಉಳಿದುಕೊಂಡಿದೆ ಅಲ್ವಾ?

ಬಾಂಬಿನ ವಿಷಯ ಅಷ್ಟು ಸಾಕು. ನಮಗೆ ಬಿಸಿ ತಟ್ಟುವುದು ಬೇರೆ ದಾರಿಯಲ್ಲಿ.

2025ರಲ್ಲಿ ಪಹಲ್ಗಾಮ್ ದಾಳಿ ಆಗಿದ್ದು ಏಪ್ರಿಲ್ 22ಕ್ಕೆ, ಆಪರೇಷನ್ ಸಿಂಧೂರ ಶುರುವಾಗಿದ್ದು ಮೇ 7ಕ್ಕೆ. ನಡುವಿನ ಆ ಎರಡು ವಾರ ಟಿವಿಯವರು ದಿನಾ ಯುದ್ಧ ಮಾಡಿದರು. ಇಲ್ಲಿ ಮಾತ್ರ ಎಲ್ಲರ ಕಣ್ಣು ಕ್ಯಾಲೆಂಡರ್ ಮೇಲೆ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅಂದರೆ ಮೇ ತಿಂಗಳೇ ಕೊನೆಯ ದುಡಿಮೆ. ಬೋಟಿನ ಸಾಲ, ಬಲೆಯ ಸಾಲ, ಡೀಸೆಲ್ ಬಾಕಿ, ಎಲ್ಲ ಅಷ್ಟರೊಳಗೆ ತೀರಬೇಕು. ಅದೇ ಹೊತ್ತಿಗೆ ತಪಾಸಣೆ ಬಿಗಿಯಾಯಿತು. ನಮ್ಮ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಖಲಾಸಿಗಳು, ಅಂದರೆ ಬೋಟಿನ ಕೆಲಸಗಾರರು ಜಾಸ್ತಿ. ಒಬ್ಬನ ಆಧಾರ್ ಊರಲ್ಲಿ ಉಳಿದಿದ್ದರೂ ಬೋಟು ನಡೆಸುವ ತಾಂಡೇಲನಿಗೆ ತಲೆಬಿಸಿ. ಅವನನ್ನು ಬಿಟ್ಟು ಹೋಗುವುದೋ, ಬೋಟನ್ನೇ ನಿಲ್ಲಿಸುವುದೋ? ಅವರು ಯೋಚಿಸುವಷ್ಟರಲ್ಲಿ ನನ್ನ ಐಸ್ ನೀರಾಗಿರುತ್ತದೆ! ಹಾಗಂತ ತಪಾಸಣೆ ಬೇಡ ಎನ್ನುವವರು ದಕ್ಕೆಯಲ್ಲಿ ಯಾರೂ ಇಲ್ಲ. 2008ರಲ್ಲಿ ಮುಂಬೈಗೆ ಬಂದ ಉಗ್ರರು ಹತ್ತಿದ್ದು ಗುಜರಾತಿನ ಒಂದು ಮೀನುಗಾರಿಕೆ ಬೋಟನ್ನೇ. ಅದರ ತಾಂಡೇಲನನ್ನೂ ಖಲಾಸಿಗಳನ್ನೂ ಕೊಂದು ಹಾಕಿದರು. ಅದನ್ನು ಇಲ್ಲಿ ಯಾರೂ ಮರೆತಿಲ್ಲ.

ಅದೇ ಮೇ ತಿಂಗಳಲ್ಲಿ ಇರಾಕಿನಿಂದ ಡಾಂಬರು ತುಂಬಿಕೊಂಡು ಒಂದು ಹಡಗು ಬಂತು. ಅದರಲ್ಲಿ ಒಬ್ಬ ಪಾಕಿಸ್ತಾನಿ ಕೆಲಸಗಾರ ಇದ್ದ. ಅವನನ್ನು ಕೆಳಗೆ ಇಳಿಯಲು ಬಿಡಲಿಲ್ಲ. ಊರಲ್ಲಿ ಒಂದು ದಿನ ಅದೇ ಮಾತು, ಮರುದಿನ ಬಂಗಡೆ ರೇಟಿನ ಮಾತು. ಭಟ್ಕಳದಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿಗೆ ಮದುವೆಯಾಗಿ ಬಂದು ದೀರ್ಘಾವಧಿ ವೀಸಾದ ಮೇಲೆ ಇರುವ ಪಾಕಿಸ್ತಾನಿ ಹೆಂಗಸರಿದ್ದಾರೆ. ಸರ್ಕಾರ ಉಳಿದ ವೀಸಾಗಳನ್ನು ರದ್ದು ಮಾಡಿ ಇವರಿಗೆ ವಿನಾಯಿತಿ ಕೊಟ್ಟಿತು. ಆದರೂ ಅವರ ಮಕ್ಕಳೆಲ್ಲ ಇಲ್ಲಿಯವರು, ಆ ಮನೆಗಳಲ್ಲಿ ನಿದ್ದೆ ಹೇಗೆ ಬಂದಿರಬೇಕು? ಯುದ್ಧಕ್ಕೆ ಮುಂಚಿನ ಭಯ ಅಂದರೆ ನನಗೆ ನೆನಪಾಗುವುದು ಆ ಮನೆಗಳು, ಕೈಗಾ ಅಲ್ಲ.

ರಾಜಕೀಯ ಕೇಳಬೇಡಿ. ಹೋಟೆಲಿನಲ್ಲಿ ಎರಡೂ ಪಕ್ಷದವರು ನಾಲ್ಕು ದಿನ ಒಂದೇ ಬೆಂಚಿನಲ್ಲಿ ಕೂತಿದ್ದರು. ಮೇ 10ಕ್ಕೆ ಕದನವಿರಾಮ ಆಯಿತು. ನಮ್ಮವರಿಗಿಂತ ಮೊದಲು ಟ್ರಂಪ್ ಯಾಕೆ ಹೇಳಿದ ಅಂತ ಜಗಳ ಶುರುವಾಗಿ ಬೆಂಚು ಮತ್ತೆ ಎರಡಾಯಿತು. ನೆಲೆಗಾಗಿ ಅರ್ಗಾ ಕಡೆ ಮನೆ ಗದ್ದೆ ಬಿಟ್ಟುಕೊಟ್ಟು, ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದ ಸೀಬರ್ಡ್ (ಈ ನೌಕಾನೆಲೆ ಯೋಜನೆಯ ಹೆಸರು) ನಿರಾಶ್ರಿತರು ಇಂಥ ಹೊತ್ತಲ್ಲಿ ದೇಶಭಕ್ತಿಯ ಭಾಷಣ ಮಾಡಿದ್ದನ್ನು ನಾನು ಕಂಡಿಲ್ಲ. ಅವರು ಕೊಡುವುದನ್ನು ಆಗಲೇ ಕೊಟ್ಟಾಗಿದೆ.

ಹಳಬರನ್ನು ಕೇಳಿದರೆ ನಗುತ್ತಾರೆ. ಅವರು ಕಂಡಿದ್ದು 1961. ಗೋವಾ ಆಗ ಪೋರ್ಚುಗೀಸರದು, ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪವೂ ಅವರದೇ. ನವೆಂಬರ್‌ನಲ್ಲಿ ದ್ವೀಪದಿಂದ ನಮ್ಮ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವು ದಿನ ಬಿಟ್ಟು ಮೀನಿನ ದೋಣಿಯ ಮೇಲೆ ಹಾರಿಸಿದಾಗ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ಕ್ಕೆ ಸೈನ್ಯ ಇಳಿಯಿತು. ದ್ವೀಪ ಹಿಡಿಯುವಾಗ ನೌಕಾಪಡೆಯ ಏಳು ಜನ ತೀರಿಹೋದರು. ಮರುದಿನ ಗೋವಾದ ಪೋರ್ಚುಗೀಸರು ಶರಣಾದರು. ಆಗಲೂ ಮೊದಲು ಪೆಟ್ಟು ತಿಂದಿದ್ದು ದೋಣಿಯವನೇ ನೋಡಿ.

ಸಂಸಾರ ಕರೆದುಕೊಂಡು ಬನ್ನಿ. ಕೋಡಿಬಾಗ, ಹಬ್ಬುವಾಡ ಕಡೆ ಮನೆ ನೋಡಿ. ಮಾಕ್ ಡ್ರಿಲ್ ಅಂತ ಸೈರನ್ ಕೂಗಿದರೆ ಗಾಬರಿ ಬೇಡ. ನೌಕಾನೆಲೆಯ ಕಡೆ ಫೋಟೋ, ಡ್ರೋನ್ ಮಾತ್ರ ಬೇಡವೇ ಬೇಡ, ಶಾಂತಿ ಇದ್ದಾಗಲೂ. ನಿಮ್ಮ ಬ್ಯಾಂಕಿಗೆ ಮೇ ತಿಂಗಳಲ್ಲಿ ಬೋಟಿನವರು ಕಂತು ಮುಂದೂಡಲು ಕೇಳಿಕೊಂಡು ಬಂದರೆ ಸ್ವಲ್ಪ ಕೂರಿಸಿ ಮಾತಾಡಿಸಿ. ಅವರ ಸಾಲದಲ್ಲಿ ನನ್ನ ಐಸಿನ ಬಾಕಿಯೂ ಇರುತ್ತದೆ.