ಕಾಫಿಗೆ ಬೇಕಾದ್ದು ಶೇಡ್, ಶ್ಯಾಡೋ ಅಲ್ಲ

ನಮಸ್ಕಾರ.

ಪೊನ್ನಂಪೇಟೆಯಿಂದ ನೀವು ಕಳಿಸಿದ ಇಂಗ್ಲಿಷ್ ಕಥೆಯನ್ನು ಪೂರ್ತಿ ಓದಿದೆ. ಕೊಡಗಿನವರು ಇಂಗ್ಲಿಷಿನಲ್ಲಿ ಬರೆದ ಕಥೆಗಳ ನಮ್ಮ ಸಂಕಲನಕ್ಕೆ ಇದನ್ನು ಈಗಿರುವ ಹಾಗೆ ತೆಗೆದುಕೊಳ್ಳಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ನಿಮ್ಮ ಪತ್ರ ಕನ್ನಡದಲ್ಲಿತ್ತು, ಹಾಗಾಗಿ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕಥೆ ಗಟ್ಟಿಯಾಗಿದೆ. ಗಂಡ ತೀರಿಕೊಂಡ ಮೇಲೆ ಅಜ್ಜಿ ಒಬ್ಬರೇ ತೋಟ ನೋಡಿಕೊಳ್ಳುತ್ತಾರೆ. ಕಾಫಿ ಕಣದಲ್ಲಿ ಒಣಗುತ್ತಿರುವಾಗ ಜನವರಿಯಲ್ಲಿ ಅಕಾಲ ಮಳೆ ಬರುತ್ತದೆ. ಒಂದೇ ರಾತ್ರಿಯಲ್ಲಿ ಇಡೀ ವರ್ಷದ ದುಡಿಮೆ ಹೋಗಬಹುದು. ಈ ಭಯವನ್ನು ನೀವು ಬಲ್ಲಿರಿ, ಓದುವಾಗ ಅದು ಗೊತ್ತಾಗುತ್ತದೆ. ತೊಂದರೆ ಇರುವುದು ಪದಗಳಲ್ಲಿ. ಒಂದೇ ಅರ್ಥದವು ಅನಿಸುವ ಎರಡು ಮೂರು ಇಂಗ್ಲಿಷ್ ಪದಗಳು ಎದುರಾದಾಗ, ಬಹಳ ಕಡೆ ನೀವು ಕೈಗೆ ಸಿಕ್ಕಿದ್ದನ್ನು ಬರೆದು ಮುಂದೆ ಹೋಗಿದ್ದೀರಿ.

ಮೊದಲು ನೆರಳು. ಕಾಫಿ ಸಿಲ್ವರ್ ಓಕ್ ಮರಗಳ ಶ್ಯಾಡೋದಲ್ಲಿ ಬೆಳೆಯುತ್ತದೆ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಮರದಡಿಯ ತಂಪೂ ನೆರಳೇ, ಗೋಡೆ ಮೇಲೆ ಬೀಳುವ ಮನುಷ್ಯನ ಆಕಾರವೂ ನೆರಳೇ. ಇಂಗ್ಲಿಷಿನಲ್ಲಿ ಇವು ಎರಡು. ಬಿಸಿಲು ತಾಗದ ಜಾಗ ಶೇಡ್. ಬೆಳಕಿಗೆ ಅಡ್ಡ ಬಂದದ್ದರ ಕಪ್ಪು ಆಕಾರ ಶ್ಯಾಡೋ. ನಮ್ಮ ತೋಟಗಳಲ್ಲಿ ಮೇಲೆ ಹಲಸು, ಅತ್ತಿ, ಬೀಟೆ, ಸಿಲ್ವರ್ ಓಕ್, ಅವುಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿ. ಅದು ಶೇಡ್. ಶ್ಯಾಡೋ ಎಂದು ಬರೆದರೆ ಓದುಗರಿಗೆ ಏನೋ ಕೇಡು ಹತ್ತಿರದಲ್ಲಿದೆ ಅನಿಸುತ್ತದೆ. ಯಾರದೋ ಶ್ಯಾಡೋದಲ್ಲಿ ಬದುಕುವುದು ಅಂದರೆ ಅವರ ಮುಂದೆ ಮಂಕಾಗಿ ಬದುಕುವುದು ಅಂತಲೂ ಆಗುತ್ತದೆ. ನಿಮ್ಮ ಕಥೆಯಲ್ಲಿ ಆ ಪದಕ್ಕೂ ಜಾಗವಿದೆ. ಗಂಡ ಸತ್ತು ಇಷ್ಟು ವರ್ಷವಾದರೂ ಊರು ಅಜ್ಜಿಯನ್ನು ಗಂಡನ ಹೆಸರಿನಿಂದಲೇ ಗುರುತಿಸುತ್ತದೆ ಅಲ್ವಾ, ಅಲ್ಲಿ ಬಳಸಿ.

ಮಂಜಿನದೂ ಇದೇ ಕತೆ. ಮಡಿಕೇರಿ ರಸ್ತೆಯಲ್ಲಿ ಜೀಪಿನ ಬಾನೆಟ್ ಮುಂದೆ ಏನೂ ಕಾಣುವುದಿಲ್ಲ, ನೀವು ಮಿಸ್ಟ್ ಎನ್ನುತ್ತೀರಿ. ಮುಂದಿನ ಪುಟದಲ್ಲಿ ಕಣಿವೆಯಾಚೆಯ ಮನೆಗಳೂ ಕಾಣುತ್ತವೆ, ಅಲ್ಲಿ ಫಾಗ್ ಎನ್ನುತ್ತೀರಿ. ಹವಾಮಾನದವರ ಲೆಕ್ಕದಲ್ಲಿ 1 ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಫಾಗ್, ಅದಕ್ಕಿಂತ ಜಾಸ್ತಿ ಕಂಡರೆ ಮಿಸ್ಟ್. ಕಥೆಗೆ ಟೇಪು ಹಿಡಿದು ಅಳೆಯಬೇಕಿಲ್ಲ. ಆದರೆ ಡ್ರೈವರ್ ಹೆದರಬೇಕಾದ ಕಡೆ ಫಾಗ್ ಇರಲೇಬೇಕು.

ಕೈಲ್ ಪೊಳ್ದ್ ಹಬ್ಬದ ನೆನಪಿನಲ್ಲಿ ಅಜ್ಜಿ ಒಲೆ ಮೇಲೆ 'ಪಿಗ್' ಬೇಯಿಸುತ್ತಾರೆ. ಪಂದಿ, ಅಂದರೆ ಹಂದಿ, ನಮಗೆ ತೋಟಕ್ಕೆ ನುಗ್ಗುವ ಪ್ರಾಣಿಯೂ ಹೌದು, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ತಿನ್ನುವ ಸಾರೂ ಹೌದು. ಇಂಗ್ಲಿಷಿನಲ್ಲಿ ಪ್ರಾಣಿ ಪಿಗ್, ಮಾಂಸ ಪೋರ್ಕ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ಪದಗಳು ಅಲ್ಲಿನ ಮಾತಿಗೆ ಸೇರಿದವು. ಸಾಕುವವರ ಪದ ಪ್ರಾಣಿಗೆ ಉಳಿಯಿತು, ದೊರೆಗಳ ಪದ ಊಟಕ್ಕೆ ಬಂತು. ಕೌ ಮತ್ತು ಬೀಫ್, ಶೀಪ್ ಮತ್ತು ಮಟನ್ ಹೀಗೆಯೇ ಜೋಡಿಯಾದವು. ಇಂಗ್ಲಿಷಿನಲ್ಲಿ ಒಂದು ಅರ್ಥಕ್ಕೆ ಇಷ್ಟೊಂದು ಪದಗಳಿರುವುದಕ್ಕೆ ದೊಡ್ಡ ಕಾರಣವೇ ಇದು. ಆಸ್ಕ್ ಹಳೆಯ ಇಂಗ್ಲಿಷ್, ಕ್ವೆಶ್ಚನ್ ಫ್ರೆಂಚಿನಿಂದ ಬಂದದ್ದು, ಇಂಟರಾಗೇಟ್ ಲ್ಯಾಟಿನ್ನಿಂದ. ಮೂರೂ ಕೇಳುವುದೇ. ಆದರೆ ಅಜ್ಜಿ ಮೊಮ್ಮಗನನ್ನು ಇಂಟರಾಗೇಟ್ ಮಾಡಿದರು ಎಂದಾಗ ಅಡುಗೆಮನೆ ಪೊಲೀಸ್ ಠಾಣೆಯಾಗಿಬಿಡುತ್ತದೆ. ಊಟ ಆಯ್ತಾ ಎಂದು ಕೇಳಿದ್ದಷ್ಟೇ ಅಲ್ವಾ ಅವರು? ಆಸ್ಕ್ ಸಾಕು.

ತೋಟದ ಪದಗಳಲ್ಲಂತೂ ನೀವು ತಪ್ಪಲೇಬಾರದು. ಟೀ ಎಲೆಯನ್ನು ಪ್ಲಕ್ ಮಾಡುತ್ತಾರೆ, ಕಾಫಿಯನ್ನು ಪಿಕ್ ಮಾಡುತ್ತಾರೆ. ಗಿಡದಲ್ಲಿ ಕೆಂಪಗೆ ತೂಗುವುದು ಬೀನ್ ಅಲ್ಲ, ಚೆರಿ ಅಥವಾ ಬೆರಿ. ಬೀನ್ ಒಳಗಿನ ಬೀಜ. ಕಾಫಿ ಹೂ ಅರಳಿಸುವ ಹೂಮಳೆಯನ್ನು ಫ್ಲವರ್ ರೇನ್ ಎಂದಿದ್ದೀರಿ. ಪ್ಲಾಂಟರುಗಳ ಬಾಯಲ್ಲಿ ಅದು ಬ್ಲಾಸಮ್ ಶವರ್, ಆಮೇಲೆ ಕಾಯಿ ಕಟ್ಟಲು ಬೇಕಾಗುವ ಮಳೆ ಬ್ಯಾಕಿಂಗ್ ಶವರ್. ಇವು ನಿಮ್ಮ ಮನೆಯಲ್ಲೇ ದಿನಾ ಓಡಾಡುವ ಪದಗಳು. ಇನ್ನು ಅಜ್ಜಿ ಕುಡಿಯುವ ಕಾಫಿ 'ಪವರ್‌ಫುಲ್' ಆಗಲಾರದು, ಸ್ಟ್ರಾಂಗ್. ಇದಕ್ಕೆ ನಿಯಮ ಹುಡುಕಬೇಡಿ, ರೂಢಿ ಹಾಗಿದೆ.

ನಾಲ್ಕನೇ ಪುಟದಿಂದ ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳ ಕೋಶ, ಪಕ್ಕದಲ್ಲಿಟ್ಟುಕೊಂಡು ಬರೆದಂತಿದೆ. ಹೌಸ್ ಹೋಗಿ ಡೊಮಿಸೈಲ್ ಬಂದಿದೆ. ಅದು ಸರ್ಟಿಫಿಕೇಟಿನ ಪದ. ಸೆಡ್ ಹೋಗಿ ಅಟರ್ಡ್, ರಿಮಾರ್ಕ್ಡ್, ಎಕ್ಸ್‌ಕ್ಲೇಮ್ಡ್ ಬಂದಿವೆ. ಸೆಡ್ ಎಷ್ಟು ಸಲ ಬಂದರೂ ಓದುಗರಿಗೆ ಅಡ್ಡಿಯಾಗುವುದಿಲ್ಲ, ಅದನ್ನೇ ಇಡಿ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ತನ್ನ ಥೆಸಾರಸ್ ತಂದಾಗ ಪದಗಳನ್ನು ಅಕ್ಷರದ ಸಾಲಿನಲ್ಲಿ ಇಡಲಿಲ್ಲ, ವಿಚಾರಗಳ ಗುಂಪಿನಲ್ಲಿಟ್ಟ. ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿದ್ದು ಪದ ಮಾತ್ರ ಸಿಗದವರಿಗೆ ಅದು ನೆರವಾಗುತ್ತದೆ. ಒಂದು ಗುಂಪಿನಲ್ಲಿವೆ ಅಂದ ಮಾತ್ರಕ್ಕೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅಜ್ಜಿಯನ್ನೇ ನೋಡಿ, ಸ್ಲಿಮ್ ಎಂದಿದ್ದೀರಿ. ಸ್ಲಿಮ್ ಎಂಬುದು ಮೆಚ್ಚುಗೆ, ಫೋಟೋಕ್ಕೆ ನಿಂತವರಿಗೆ ಹೇಳುವುದು. ಸ್ಕಿನ್ನಿ ಎಂದರೆ ಸ್ವಲ್ಪ ಹಂಗಿಸಿದ ಹಾಗೆ. ಗಾಂಟ್ ಎಂದರೆ ಕಾಯಿಲೆಯೋ ಹಸಿವೋ ದೇಹವನ್ನು ತಿಂದಿದೆ. ಲೀನ್ ಎಂದರೆ ಮೈಯಲ್ಲಿ ಕೊಬ್ಬಿಲ್ಲ, ಕಸುವಿದೆ. ನಿಮ್ಮ ಅಜ್ಜಿ 50 ಕೆಜಿ ಕಾಫಿ ಚೀಲವನ್ನು ಮಳೆಯಲ್ಲಿ ಜಗಲಿಗೆ ಎಳೆದು ಹಾಕುತ್ತಾರೆ. ಅವರು ಲೀನ್.

ಇನ್ನೊಂದು ಕಡೆ ನೀವು ಒಳ್ಳೆಯ ಪದಗಳನ್ನು ಸುಮ್ನೆ ಬಿಟ್ಟುಕೊಟ್ಟಿದ್ದೀರಿ. ಕೆಲಸದವರ ಲೈನ್ ಮನೆಗಳನ್ನು ಡಾರ್ಮಿಟರಿ ಮಾಡಿದ್ದೀರಿ, ತೋಟದಲ್ಲಿ ಹಾಜರಿ ಬರೆಯುವ ರೈಟರನ್ನು ಅಕೌಂಟೆಂಟ್ ಮಾಡಿದ್ದೀರಿ. ಎಸ್ಟೇಟ್, ಲೈನ್, ರೈಟರ್ ಎಲ್ಲವೂ ಇಂಗ್ಲಿಷ್ ಪದಗಳೇ, ತೋಟಗಳಲ್ಲಿ ಬೆಳೆದ ಇಂಗ್ಲಿಷ್. ಡಾರ್ಮಿಟರಿಯಲ್ಲಿ ಹಾಸ್ಟೆಲ್ ಮಕ್ಕಳು ಮಲಗುತ್ತಾರೆ. ಲೈನಿನಲ್ಲಿ ಒಂದೇ ಸೂರಿನಡಿ ಸಾಲಾಗಿ ಸಂಸಾರಗಳಿರುತ್ತವೆ, ಒಬ್ಬರ ಮನೆ ಜಗಳ ಇನ್ನೊಬ್ಬರಿಗೆ ಕೇಳಿಸುತ್ತದೆ. ಹೊರಗಿನವರು ರೈಟರ್ ಎಂದರೆ ಸಾಹಿತಿ ಅಂದುಕೊಂಡಾರು ಎಂಬ ಹೆದರಿಕೆ ಇದ್ದರೆ, ಅವನ ಕೈಗೆ ಹಾಜರಿ ಪುಸ್ತಕ ಕೊಡಿ. ಅರ್ಥವಾಗುತ್ತದೆ.

ಕೊನೆಯದು ಮತ್ತು ನನಗೆ ಬಹಳ ಮುಖ್ಯವಾದದ್ದು. ಕಾಫಿ ಕುಯ್ಯಲು ಬರುವವರನ್ನು ನೀವು ಒಂದು ಪುಟದಲ್ಲಿ ಲೇಬರರ್, ಇನ್ನೊಂದರಲ್ಲಿ ವರ್ಕರ್, ಮತ್ತೊಂದರಲ್ಲಿ ಕೂಲಿ ಎಂದಿದ್ದೀರಿ. ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಬದಲಾಯಿಸಿದ್ದೀರಿ ಅನಿಸುತ್ತದೆ. ಕನ್ನಡದಲ್ಲಿ ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವ ಹಣ, ಕೂಲಿಗೆ ಹೋಗುತ್ತೇನೆ ಎಂದು ಜನ ತಾವೇ ಹೇಳಿಕೊಳ್ಳುತ್ತಾರೆ. ಇಂಗ್ಲಿಷಿಗೆ ಹೋದ ಮೇಲೆ ಅದು ಬೈಗುಳವಾಗಿದೆ. ಬ್ರಿಟಿಷರು 1834ರಿಂದ ಭಾರತದ ಬಡವರನ್ನು ಕರಾರಿನ ಮೇಲೆ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಸಾಗಿಸಿದರು, ಆಮೇಲೆ ಟ್ರಿನಿಡಾಡ್, ದಕ್ಷಿಣ ಆಫ್ರಿಕಾ, ಫಿಜಿಗೂ. ಅವರನ್ನು ಕರೆದದ್ದು ಈ ಪದದಿಂದಲೇ. ಅಲ್ಲಿನ ಓದುಗರೊಬ್ಬರು ನಿಮ್ಮ ಕಥೆ ಓದಿದರೆ ಅವರಿಗೆ ನೋವಾಗುತ್ತದೆ. ಅಜ್ಜಿಯ ಮಾತಿನಲ್ಲಿ ಆ ಪದ ಬಂದರೆ ಬರಲಿ, ಅದು ಅವರ ಕಾಲದ ಮಾತು. ಕಥೆ ಹೇಳುವ ನಿಮ್ಮ ಮಾತಿನಲ್ಲಿ ಬೇಡ. ವರ್ಕರ್ ಅಥವಾ ಪಿಕರ್ ಎಂದು ಒಂದನ್ನೇ ಹಿಡಿದುಕೊಳ್ಳಿ.

ರಾತ್ರಿ ಕಣಕ್ಕೆ ಟಾರ್ಪಾಲ್ ಹೊದಿಸುವ ದೃಶ್ಯವನ್ನು ಮಾತ್ರ ಮುಟ್ಟಬೇಡಿ. ಪುಲ್, ಹೋಲ್ಡ್, ರನ್, ವೆಟ್, ಬರೀ ಸಣ್ಣ ಪದಗಳು, ಒಂದೂ ಸುಳ್ಳಾಗಿಲ್ಲ. ಅಲ್ಲಿ ಒಂದೇ ಒಂದು ಕೊರತೆ ಇದೆ. ಅಜ್ಜಿಯ ಜೊತೆ ಟಾರ್ಪಾಲ್ ಎಳೆಯಲು ಲೈನಿನಿಂದ ಮೂವರು ಓಡಿ ಬರುತ್ತಾರೆ, ಅವರಿಗೆ ನೀವು ಹೆಸರಿಟ್ಟಿಲ್ಲ. ಹೆಸರಿಟ್ಟು ಕಳಿಸಿ.